ಒಂದೂವರೆ ಲಕ್ಷ ಮಂದಿಯ ಕ್ಲಾಸು!

ಒಂದು ಕ್ಲಾಸು. ಒಬ್ಬ ಮೇಷ್ಟ್ರು. ವಿದ್ಯಾರ್ಥಿಗಳು ಎಷ್ಟಿರಬಹುದು, ಊಹಿಸಿ. ಅರವತ್ತು? ನೂರು? ನಮ್ಮ ಸರ್ಕಾರಿ ಪದವಿ ಕಾಲೇಜಿನ ಬಿ.ಕಾಂ. ಮೊದಲ ವರ್ಷದ ಸೆಕ್ಷನ್ನಿನಲ್ಲಿ ಕಿಟಕಿಗೆ ಒರಗಿ ನಿಂತವರನ್ನೂ ಎಣಿಸಿದರೆ ನೂರೈವತ್ತು ಆದೀತು. ಈಗ ಕೇಳಿ: 2012ರ ಮಾರ್ಚ್‌ನಲ್ಲಿ ಅಮೆರಿಕದ ಎಂಐಟಿ ಒಂದು ಕ್ಲಾಸು ಶುರುಮಾಡಿತು. ವಿಷಯ, ಸರ್ಕ್ಯೂಟ್ ಮತ್ತು ಎಲೆಕ್ಟ್ರಾನಿಕ್ಸ್. ಹೆಸರು ಬರೆಸಿದವರು 1,54,763 ಮಂದಿ! ನೂರೈವತ್ತಕ್ಕೂ ಹೆಚ್ಚು ದೇಶಗಳವರು! ಫೀಸು ಇಲ್ಲ, ಪ್ರವೇಶ ಪರೀಕ್ಷೆ ಇಲ್ಲ, ಅಂಕಪಟ್ಟಿ ಕೇಳುವವರಿಲ್ಲ, ವಯಸ್ಸು ಕೇಳುವವರೂ ಇಲ್ಲ. ಒಂದು ಇಮೇಲ್ ವಿಳಾಸ ಇದ್ದರೆ ಸಾಕು, ಜಗತ್ತಿನ ಅತಿ ಬಿಗಿಯಾದ ಗೇಟುಗಳಲ್ಲೊಂದರ ಒಳಗೆ ನೀವು ನಡೆದುಬಿಡಬಹುದಿತ್ತು.

ಆ ಕ್ಲಾಸಿನ ಮೇಷ್ಟ್ರು ಯಾರು ಗೊತ್ತೆ? ಮಂಗಳೂರಿನಲ್ಲಿ ಬೆಳೆದು ಅಲ್ಲಿನ ಸೇಂಟ್ ಅಲೋಶಿಯಸ್‌ನಲ್ಲಿ ಓದಿದ ಹುಡುಗ! ಅಲ್ಲಿಂದ ಐಐಟಿ ಮದ್ರಾಸು, ಅಲ್ಲಿಂದ ಸ್ಟ್ಯಾನ್‌ಫರ್ಡ್, ಅಲ್ಲಿಂದ ಎಂಐಟಿಯ ಪ್ರಾಧ್ಯಾಪಕ ಪಟ್ಟ. ಹೆಸರು ಅನಂತ್ ಅಗರ್ವಾಲ್. ಹಾರ್ವರ್ಡ್ ಮತ್ತು ಎಂಐಟಿ ಕೈಜೋಡಿಸಿ ಆ ವರ್ಷ ಹುಟ್ಟುಹಾಕಿದ ಎಡ್‌ಎಕ್ಸ್ ಎಂಬ ಸಂಸ್ಥೆಯ ಚುಕ್ಕಾಣಿ ಹಿಡಿದವರೂ ಇವರೇ. ತಮ್ಮ ಒಂದು ಕ್ಲಾಸಿಗೆ ಬಂದವರ ಸಂಖ್ಯೆ ಎಂಐಟಿಯ 150 ವರ್ಷಗಳ ಇತಿಹಾಸದ ಒಟ್ಟು ಹಳೆಯ ವಿದ್ಯಾರ್ಥಿಗಳಿಗಿಂತ ಹೆಚ್ಚು ಎಂದು ಅವರು ಮುಂದೆ ಒಂದು ಭಾಷಣದಲ್ಲಿ ಹೇಳಿದರು.

ಸರಿ, ಒಂದೂವರೆ ಲಕ್ಷ ಮಂದಿ ಒಟ್ಟಿಗೆ ಕೈ ಎತ್ತಿ ಡೌಟು ಕೇಳಿದರೆ ಒಬ್ಬ ಮೇಷ್ಟ್ರು ಏನು ಮಾಡಬೇಕು? ನನಗೆ ರೋಮಾಂಚನವಾದದ್ದು ಇಲ್ಲಿ. ಅಗರ್ವಾಲ್ ರಾತ್ರಿ ಎರಡು ಗಂಟೆಗೆ ನಿದ್ದೆಗೆಟ್ಟು ಚರ್ಚೆಯ ಪುಟ ನೋಡುತ್ತ ಕೂತಿದ್ದರಂತೆ. ಪಾಕಿಸ್ತಾನದ ವಿದ್ಯಾರ್ಥಿಯೊಬ್ಬ ಪ್ರಶ್ನೆ ಹಾಕಿದ. ಇವರು ಉತ್ತರ ಟೈಪ್ ಮಾಡಲು ಹೊರಟಿದ್ದರು, ಅಷ್ಟರಲ್ಲಿ ಈಜಿಪ್ಟಿನಿಂದ ಇನ್ನೊಬ್ಬ ಉತ್ತರ ಕೊಟ್ಟ. ಅದು ಪೂರ್ತಿ ಸರಿ ಇರಲಿಲ್ಲ. ತಿದ್ದಬೇಕು ಎನ್ನುವಷ್ಟರಲ್ಲಿ ಅಮೆರಿಕದಿಂದ ಮೂರನೆಯವನು ಬಂದು ಬೇರೆ ದಾರಿ ತೋರಿಸಿದ. ಮೇಷ್ಟ್ರು ಕೈಕಟ್ಟಿ ಕೂತು ನೋಡಿದರು. ಬೆಳಗಿನ ನಾಲ್ಕರ ಹೊತ್ತಿಗೆ ಹುಡುಗರೇ ಸೇರಿ ಸರಿಯುತ್ತರ ಹಿಡಿದಿದ್ದರು! ಇವರಿಗೆ ಉಳಿದದ್ದು ‘ಒಳ್ಳೆಯ ಉತ್ತರ’ ಎಂದು ಒಪ್ಪಿಗೆ ಒತ್ತುವ ಕೆಲಸ ಮಾತ್ರ. ಪರಸ್ಪರ ಮುಖ ನೋಡದವರು, ಒಬ್ಬರ ದೇಶಕ್ಕೆ ಇನ್ನೊಬ್ಬರು ಕಾಲಿಡದವರು, ಒಂದು ಪ್ರಶ್ನೆಗಾಗಿ ಒಬ್ಬರಿಗೊಬ್ಬರು ಪಾಠ ಹೇಳಿಕೊಂಡರು!

ಉಲಾನ್‌ಬಾಟರ್‌ನಿಂದ ಪೂರ್ತಿ ಅಂಕ

ಆ ಒಂದೂವರೆ ಲಕ್ಷದಲ್ಲಿ ಕೊನೆಯವರೆಗೂ ಉಳಿದು ತೇರ್ಗಡೆಯಾದವರು 7,157 ಮಂದಿ. ಪೂರ್ತಿ ಅಂಕ ತೆಗೆದವರು 340. ಆ 340ರಲ್ಲಿ ಒಬ್ಬ ಮಂಗೋಲಿಯಾದ ರಾಜಧಾನಿ ಉಲಾನ್‌ಬಾಟರ್‌ನ ಹುಡುಗ, ಬಟ್ಟುಶಿಗ್. ವಯಸ್ಸು ಹದಿನೈದು! ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಗೈಡು ತಿರುವಿಹಾಕುವ ವಯಸ್ಸು. ಚಳಿಗಾಲದಲ್ಲಿ ಉಷ್ಣಾಂಶ ಮೈನಸ್ ಮೂವತ್ತರ ಕೆಳಗಿಳಿಯುವ ಆ ಊರಿನಲ್ಲಿ ಕೂತು, ತನ್ನದಲ್ಲದ ಭಾಷೆಯಲ್ಲಿ, ಎಂಐಟಿಯ ಎರಡನೇ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬೆವರುವ ಪಾಠವನ್ನು ಈ ಹುಡುಗ ಒಂದು ಅಂಕವೂ ಬಿಡದೆ ಮುಗಿಸಿದ. ಗ್ಯಾರೇಜಿನಿಂದ ಕಾರು ಹೊರಬರುವಾಗ ಆಚೆ ಆಡುವ ಮಕ್ಕಳನ್ನು ಎಚ್ಚರಿಸುವ ಸೈರನ್ ಒಂದನ್ನೂ ಮಾಡಿಟ್ಟ. ಎಂಐಟಿ ಅವನನ್ನು ಕರೆದು ಸೀಟು ಕೊಟ್ಟಿತು.

ನಮ್ಮ ಜಬಲ್‌ಪುರದಲ್ಲಿ ಇನ್ನೊಂದು ಬೆರಗು. ಹದಿನೇಳರ ಹುಡುಗನೊಬ್ಬ ಅದೇ ಕೋರ್ಸನ್ನು ಮುಗಿಸಿ, ಇದರ ಮುಂದಿನ ಪಾಠ ಎಲ್ಲಿ ಎಂದು ಹುಡುಕಿದ. ಎಡ್‌ಎಕ್ಸ್‌ನಲ್ಲಿ ಅದು ಇರಲಿಲ್ಲ. ಅವನು ಕೈಚೆಲ್ಲಲಿಲ್ಲ. ಚರ್ಚೆಯ ಪುಟದಲ್ಲಿ ಸಿಕ್ಕ ಗೆಳೆಯರನ್ನು ಕೂಡಿಸಿಕೊಂಡು, ಎಂಐಟಿ ಮೊದಲೇ ಜಗತ್ತಿಗೆ ಬಿಟ್ಟುಕೊಟ್ಟಿದ್ದ ಸಾಮಗ್ರಿ ಬಳಸಿ, ‘ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್’ ಕೋರ್ಸನ್ನು ತಾನೇ ಕಟ್ಟಿ ಜಾಲಕ್ಕೆ ಹಾಕಿಬಿಟ್ಟ! ಅದಕ್ಕೆ ವಿದ್ಯಾರ್ಥಿಗಳೂ ಬಂದರು. ಅವನೂ ಎಂಐಟಿ ಸೇರಿದ.

ಇಷ್ಟು ಕೇಳಿದ ಯಾರಿಗಾದರೂ ಜಗತ್ತಿನ ಶಿಕ್ಷಣದ ಸಮಸ್ಯೆ ಬಗೆಹರಿಯಿತು ಎನ್ನಿಸಬೇಕು. ಆದರೆ ಉಲಾನ್‌ಬಾಟರ್ ಕಥೆಯನ್ನು ಇನ್ನೊಮ್ಮೆ ಹತ್ತಿರದಿಂದ ನೋಡಿ. ಬಟ್ಟುಶಿಗ್ ಓದುತ್ತಿದ್ದ ಶಾಲೆಯ ಪ್ರಿನ್ಸಿಪಾಲರು ಎಂಐಟಿಯಲ್ಲಿ ಪದವಿ ಪಡೆದ ಮೊದಲ ಮಂಗೋಲಿಯನ್. ಹುಡುಗರನ್ನು ಈ ಕೋರ್ಸಿಗೆ ಹಚ್ಚಿದ್ದು ಅವರು. ತೆರೆಯ ಮೇಲೆ ನೋಡಿದ್ದನ್ನು ಕೈಯಲ್ಲಿ ಮುಟ್ಟಿ ಮಾಡಬೇಕಲ್ಲ ಎಂದು ಅಮೆರಿಕದಿಂದ ಸ್ಟ್ಯಾನ್‌ಫರ್ಡ್‌ನ ಗೆಳೆಯರೊಬ್ಬರನ್ನು ಕರೆಸಿಕೊಂಡರು. ಆ ಗೆಳೆಯ ಪೆಟ್ಟಿಗೆಗಳಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗ ತುಂಬಿಕೊಂಡು ಬಂದು, ಹುಡುಗರ ಜೊತೆ ಕೂತು ಲ್ಯಾಬ್ ಮಾಡಿಸಿದರು. ಪಾಠ ಬಂದದ್ದು ಆಕಾಶಮಾರ್ಗವಾಗಿ, ನಿಜ. ಆದರೆ ಪಕ್ಕದಲ್ಲಿ ಇಬ್ಬರು ಮನುಷ್ಯರು ಕೂತಿದ್ದರು! ಈ ವಿಷಯ ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಉಚಿತ ಶಿಕ್ಷಣದ ಇಡೀ ಚರಿತ್ರೆ ಬೇರೆಯಾಗಿಯೇ ಕಾಣತೊಡಗುತ್ತದೆ.

ಮಾರಲು ಹೊರಟವರು ಹಂಚಿಬಿಟ್ಟರು

ಈ ಕಥೆಯ ಮೊದಲ ಅಧ್ಯಾಯ 1999ರದು. ಡಾಟ್‌ಕಾಂ ಹುಚ್ಚು ನೆತ್ತಿಗೇರಿದ್ದ ಕಾಲ. ಅಮೆರಿಕದ ವಿಶ್ವವಿದ್ಯಾಲಯಗಳೆಲ್ಲ ಪಾಠವನ್ನು ಇಂಟರ್‌ನೆಟ್ಟಿನಲ್ಲಿ ಮಾರಿ ಹಣ ಮಾಡುವ ಕನಸು ಕಾಣುತ್ತಿದ್ದವು. ಎಂಐಟಿ ಕೂಡ ಒಂದು ಸಮಿತಿ ಕೂರಿಸಿತು. ಸಮಿತಿ ಲೆಕ್ಕ ಹಾಕಿತು, ಇದರಲ್ಲಿ ದೊಡ್ಡ ಲಾಭವೇನೂ ಕಾಣಲಿಲ್ಲ. ಆಗ ಅವರು ಕೊಟ್ಟ ಸಲಹೆ ನೋಡಿ: ಮಾರುವುದು ಬೇಡ, ಹಂಚಿಬಿಡೋಣ! ಅಧ್ಯಕ್ಷರಾಗಿದ್ದ ಚಾರ್ಲ್ಸ್ ವೆಸ್ಟ್ ಒಪ್ಪಿದರು. 2001ರ ಏಪ್ರಿಲ್‌ನಲ್ಲಿ ಎಂಐಟಿ ತನ್ನ ಎಲ್ಲ ಕೋರ್ಸುಗಳ ಸಾಮಗ್ರಿಯನ್ನೂ ಜಗತ್ತಿಗೆ ಪುಕ್ಕಟೆಯಾಗಿ ಕೊಡುವುದಾಗಿ ಘೋಷಿಸಿತು. 2002ರಲ್ಲಿ 50 ಕೋರ್ಸು, ಮರುವರ್ಷ 500, ಈಗ 2,500ಕ್ಕೂ ಹೆಚ್ಚು. ಓಪನ್‌ಕೋರ್ಸ್‌ವೇರ್ ಎಂದು ಅದರ ಹೆಸರು.

ಅಲ್ಲಿ ಗಿಲ್ಬರ್ಟ್ ಸ್ಟ್ರ್ಯಾಂಗ್ ಎಂಬ ಗಣಿತದ ಮೇಷ್ಟ್ರಿದ್ದರು. 1999ರಲ್ಲಿ ಅವರ ಲೀನಿಯರ್ ಆಲ್ಜೀಬ್ರ ಪಾಠವನ್ನು ಕ್ಯಾಮೆರಾ ಇಟ್ಟು ಚಿತ್ರಿಸಿದರು. ಕರಿಹಲಗೆ, ಸೀಮೆಸುಣ್ಣ, ಅಷ್ಟೇ. ಗ್ರಾಫಿಕ್ಸ್ ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ಲಕ್ಷೋಪಲಕ್ಷ ಜನ ಆ ಪಾಠ ನೋಡಿದ್ದಾರೆ, ಇವತ್ತೂ ನೋಡುತ್ತಿದ್ದಾರೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಮಷಿನ್ ಲರ್ನಿಂಗ್ ಕಲಿಯಹೊರಟ ಎಷ್ಟೋ ಮಂದಿಗೆ ಮ್ಯಾಟ್ರಿಕ್ಸ್ ಎಂದರೇನೆಂದು ಮೊದಲು ಬಿಡಿಸಿ ಹೇಳಿದವರು ಈ ಅಜ್ಜ. 2023ರ ಮೇ ತಿಂಗಳಲ್ಲಿ, ತಮ್ಮ 88ನೇ ವಯಸ್ಸಿನಲ್ಲಿ, ಅವರು ಕೊನೆಯ ಪಾಠ ಮುಗಿಸಿದಾಗ ಹುಡುಗರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಇದನ್ನೆಲ್ಲ ನೋಡಿ ‘ಅಮೆರಿಕದವರ ಹೊಸ ಐಡಿಯಾ’ ಎಂದುಕೊಂಡರೆ ನಮ್ಮದೇ ಚರಿತ್ರೆ ಪಕ್ಕದಿಂದ ನಗುತ್ತದೆ. ಕಳೆದ ಶತಮಾನದಲ್ಲೇ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ನಕ್ಷತ್ರದಿಂದ ಹಿಡಿದು ಆರೋಗ್ಯದವರೆಗೆ, ಚರಿತ್ರೆಯಿಂದ ಹಿಡಿದು ಅರ್ಥಶಾಸ್ತ್ರದವರೆಗೆ. ಆ ಉಪನ್ಯಾಸಗಳು ಕಿಸೆಯಲ್ಲಿ ಹಿಡಿಯುವ ಪುಟ್ಟ ಪುಸ್ತಕಗಳಾಗಿ ಹೊರಬಂದವು. ಹಳೆಯ ಪುಸ್ತಕದಂಗಡಿಗಳಲ್ಲಿ ಅವು ಇಂದಿಗೂ ಸಿಗುತ್ತವೆ. ವಿಶ್ವವಿದ್ಯಾಲಯದ ಜ್ಞಾನ ಗೇಟಿನ ಹೊರಗಿರುವವರಿಗೂ ಸಲ್ಲಬೇಕು ಎಂಬ ಹಟ ಅದು. ಆಮೇಲೆ ಅಂಚೆ ಮತ್ತು ತೆರಪಿನ ಶಿಕ್ಷಣ ಬಂತು. ಕೆಲಸಕ್ಕೆ ಸೇರಿದ ಗುಮಾಸ್ತರೂ ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಕ್ಕಳೂ ಅಂಚೆಯಣ್ಣ ತಂದ ಪಾಠದ ಕಟ್ಟು ಬಿಚ್ಚಿ ಬಿ.ಎ. ಮಾಡಿಕೊಂಡರು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು.

ಜ್ವರ ಏರಿತು, ಇಳಿಯಿತು

ಉಚಿತ ಪಾಠದ ಅಲೆ ನಿಜವಾಗಿ ಉಕ್ಕಿದ್ದು 2011ರಲ್ಲಿ. ಸ್ಟ್ಯಾನ್‌ಫರ್ಡ್‌ನ ಸೆಬಾಸ್ಟಿಯನ್ ತ್ರುನ್ ಮತ್ತು ಗೂಗಲ್‌ನ ಪೀಟರ್ ನಾರ್ವಿಗ್ ಕೃತಕ ಬುದ್ಧಿಮತ್ತೆಯ ಕೋರ್ಸನ್ನು ಜಾಲದಲ್ಲಿ ಬಿಟ್ಟರು. 1,60,000 ಮಂದಿ ಮುಗಿಬಿದ್ದರು! ಸುಮಾರು 2,000 ಸ್ವಯಂಸೇವಕರು ಕೂತು ಪಾಠವನ್ನು 44 ಭಾಷೆಗಳಿಗೆ ಅನುವಾದಿಸಿದರು, ಯಾರೂ ಸಂಬಳ ಕೊಡದೆ! ಇತ್ತ ಸ್ಟ್ಯಾನ್‌ಫರ್ಡ್‌ನ ಕೋಣೆಯಲ್ಲಿ 200 ಮಂದಿ ಇರಬೇಕಾದಲ್ಲಿ ಬರುವವರು ಮೂವತ್ತಕ್ಕೆ ಇಳಿದರು. ಸಾವಿರಾರು ಡಾಲರ್ ಫೀಸು ಕಟ್ಟಿದ್ದ ಹುಡುಗರಿಗೂ ಎದುರಿಗಿನ ಮೇಷ್ಟ್ರಿಗಿಂತ ವಿಡಿಯೊದ ಮೇಷ್ಟ್ರೇ ಹಿತವೆನಿಸಿದ್ದರು. ನೂರಕ್ಕೆ ನೂರು ತೆಗೆದವರ ಪಟ್ಟಿ ಬಂದಾಗ ಅದರಲ್ಲಿ ಸ್ಟ್ಯಾನ್‌ಫರ್ಡ್‌ನವರು ಒಬ್ಬರೂ ಇರಲಿಲ್ಲ!

ಮುಂದಿನ ವರ್ಷ ಉಡಾಸಿಟಿ, ಕೋರ್ಸೆರಾ, ಎಡ್‌ಎಕ್ಸ್ ಎಂಬ ಜಾಲಪಾಠ ತಾಣಗಳು ಸಾಲಾಗಿ ಹುಟ್ಟಿದವು. ಇಂಥ ಕೋರ್ಸುಗಳಿಗೆ ‘ಮೂಕ್’ ಎಂಬ ಹೆಸರು ಕೆನಡಾದಲ್ಲಿ 2008ರಲ್ಲೇ ಬಿದ್ದಿತ್ತು, ಈಗ ಅದು ಮನೆಮಾತಾಯಿತು. ನ್ಯೂಯಾರ್ಕ್ ಟೈಮ್ಸ್ 2012ನ್ನು ‘ಮೂಕ್ ವರ್ಷ’ ಎಂದು ಕರೆಯಿತು. ವಿಶ್ವವಿದ್ಯಾಲಯಗಳು ಇನ್ನು ಬಾಗಿಲು ಮುಚ್ಚುತ್ತವೆ ಎಂಬ ಭವಿಷ್ಯವಾಣಿಗಳೂ ಕೇಳಿಬಂದವು.

ಅಷ್ಟು ಹೊತ್ತಿಗೆ ಲೆಕ್ಕ ಹಾಕುವವರು ಬಂದರು. 2013ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ವಿಶ್ವವಿದ್ಯಾಲಯ ಗಣಿತದಲ್ಲಿ ಹಿಂದುಳಿದವರಿಗಾಗಿ ಉಡಾಸಿಟಿಯ ಜೊತೆ ಕೋರ್ಸು ನಡೆಸಿತು. ತೇರ್ಗಡೆಯಾದವರು ಎಷ್ಟು ಕಡಿಮೆಯೆಂದರೆ ಕೆಲವೇ ತಿಂಗಳಲ್ಲಿ ಪ್ರಯೋಗವನ್ನು ತಡೆಹಿಡಿಯಬೇಕಾಯಿತು. ಯಾರಿಗೆ ಆಸರೆ ಹೆಚ್ಚು ಬೇಕಿತ್ತೋ ಅವರೇ ಜಾರಿ ಬಿದ್ದರು. ಆಮೇಲೆ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಜಸ್ಟಿನ್ ರೈಖ್ ಮತ್ತು ಸಂಗಡಿಗರೊಬ್ಬರು ಹಾರ್ವರ್ಡ್ ಮತ್ತು ಎಂಐಟಿಯ ಆರು ವರ್ಷಗಳ ದಾಖಲೆ ಬಿಚ್ಚಿಟ್ಟರು. 56 ಲಕ್ಷ ಕಲಿಯುವವರು, ಒಂದು ಕೋಟಿ 26 ಲಕ್ಷ ನೋಂದಣಿ. ಹೆಸರು ಬರೆಸಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಪಾಠದ ಪುಟಕ್ಕೆ ಕಾಲೇ ಇಟ್ಟಿರಲಿಲ್ಲ! 2017-18ರಲ್ಲಿ ಕೋರ್ಸು ಮುಗಿಸಿದವರು ಶೇ 3.13. ಅದಕ್ಕಿಂತ ಚುಚ್ಚುವ ಮಾತೆಂದರೆ, ಕಲಿಯುವವರ ಸಂಖ್ಯೆ ಬೆಳೆದದ್ದು ಹೆಚ್ಚಾಗಿ ಉಳ್ಳವರ ದೇಶಗಳಲ್ಲೇ.

ಇಲ್ಲೇ ಇನ್ನೊಂದು ವಿಚಿತ್ರ. ಪ್ರಮಾಣಪತ್ರಕ್ಕೆಂದು ದುಡ್ಡು ಕಟ್ಟಿದವರಲ್ಲಿ ಅದೇ ವರ್ಷ ಕೋರ್ಸು ಮುಗಿಸಿದವರು ಶೇ 46! ಅದೇ ವಿಡಿಯೊ, ಅದೇ ಹೋಂವರ್ಕು. ದುಡ್ಡು ಕಟ್ಟುವಷ್ಟು ಮನಸ್ಸು ಗಟ್ಟಿಮಾಡಿದವರು ಮೊದಲೇ ಹಟವಂತರು ಎಂಬುದು ನಿಜ. ಆದರೂ ಸುಮ್ಮನೆ ಸಿಕ್ಕ ಪಾಠಕ್ಕೂ ಕೈಯಲ್ಲಿ ಹಿಡಿದುಕೊಂಡ ಪಾಠಕ್ಕೂ ನಡುವೆ ಇಷ್ಟೊಂದು ಅಂತರ!

ಸಿದ್ಧಗಂಗೆಯ ದಾಸೋಹದಲ್ಲಿ ಉಂಡವರಿಗೆ ಇದು ಅರ್ಥವಾಗುವ ಮಾತು. ಕೊಪ್ಪರಿಗೆಯಲ್ಲಿ ಅನ್ನ ಬೆಂದಿದೆ ಎಂಬ ಸುದ್ದಿಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಸಾಲು ಹಾಕಿ ಕೂರಿಸುವವರು ಬೇಕು, ಬಡಿಸುವವರು ಬೇಕು, ‘ಇನ್ನೊಂದು ಸೌಟು ಹಾಕ್ಕೊಳ್ಳಪ್ಪಾ’ ಎನ್ನುವವರು ಬೇಕು. ಎಂಐಟಿ, ಸ್ಟ್ಯಾನ್‌ಫರ್ಡ್‌ಗಳು ಅಡುಗೆ ಮಾಡಿಟ್ಟವು.

ಪುಕ್ಕಟೆ ಬೇರೆ, ಮುಕ್ತ ಬೇರೆ

ದುಡ್ಡಿಲ್ಲದೆ ಸಿಗುವುದೆಲ್ಲ ನಮ್ಮದಾಗಿ ಉಳಿಯುತ್ತದೆಯೆ? ಎರಡು ಘಟನೆ ಕೇಳಿ.

2016ರ ಜೂನ್. ಕೋರ್ಸೆರಾ ತನ್ನ ಹಳೆಯ ತಾಣವನ್ನು ತಿಂಗಳ ಕೊನೆಗೆ ಮುಚ್ಚುವುದಾಗಿ ಹೇಳಿತು. ಅದರಲ್ಲಿ ನೂರಾರು ಕೋರ್ಸುಗಳಿದ್ದವು. ಕೆಲವೇ ವಾರಗಳ ಗಡುವು! ಜಗತ್ತಿನ ಮೂಲೆಮೂಲೆಯ ಜನ ರಾತ್ರಿಹಗಲು ಕೂತು ವಿಡಿಯೊ ಇಳಿಸಿಕೊಂಡರು, ಊರು ಮುಳುಗುವ ಮುನ್ನ ಪಾತ್ರೆಪಗಡ ಎತ್ತುವವರ ಹಾಗೆ. ನೋಡಲು ಪುಕ್ಕಟೆಯಾಗಿದ್ದ ಪಾಠ, ಇಟ್ಟುಕೊಳ್ಳಲು ನಮ್ಮದಾಗಿರಲಿಲ್ಲ.

2017ರ ಮಾರ್ಚ್. ಬರ್ಕ್ಲಿ ವಿಶ್ವವಿದ್ಯಾಲಯ ವರ್ಷಗಳಿಂದ ಉಚಿತವಾಗಿ ಬಿಟ್ಟಿದ್ದ 20,000ಕ್ಕೂ ಹೆಚ್ಚು ಉಪನ್ಯಾಸಗಳನ್ನು ಸಾರ್ವಜನಿಕರಿಂದ ಮರೆಮಾಡಿತು. ಕಾರಣ ಯೋಚನೆಗೆ ಹಚ್ಚುವಂಥದ್ದು. ಕಿವಿ ಕೇಳದವರಿಗಾಗಿಯೇ ಇರುವ ಗ್ಯಾಲಡೆಟ್ ವಿಶ್ವವಿದ್ಯಾಲಯದ ಇಬ್ಬರು ನೌಕರರು ದೂರು ಕೊಟ್ಟಿದ್ದರು. ಅಕ್ಷರದಲ್ಲಿ ಮಾತು ಮೂಡದ ಈ ವಿಡಿಯೊಗಳು ನಮಗೆ ಹೇಗೆ ಮುಕ್ತ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ! ಅಮೆರಿಕದ ನ್ಯಾಯ ಇಲಾಖೆಯೂ ಹೌದೆಂದಿತು. ಅಷ್ಟು ವಿಡಿಯೊಗಳಿಗೆ ಅಕ್ಷರ ಕೂರಿಸುವ ಖರ್ಚಿಗೆ ಹೆದರಿ ವಿಶ್ವವಿದ್ಯಾಲಯ ಎಲ್ಲವನ್ನೂ ಒಳಗೆಳೆದುಕೊಂಡಿತು. ಆದರೆ ಅವುಗಳಲ್ಲಿ ಬಹುಪಾಲು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದ್ದವು. ಅಂದರೆ ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು. ಎಲ್‌ಬಿಆರ್‌ವೈ ಎಂಬ ಪುಟ್ಟ ಕಂಪನಿ 20,000 ವಿಡಿಯೊಗಳನ್ನು ನಕಲು ಮಾಡಿ ಬೇರೆಡೆ ಜೀವಂತ ಇಟ್ಟಿತು! ಮುಂದೆ 2022ರಲ್ಲಿ ಬರ್ಕ್ಲಿಯೂ ತನ್ನ ಜಾಲಪಾಠಗಳನ್ನು ಎಲ್ಲರಿಗೂ ಎಟುಕುವಂತೆ ಮಾಡುವುದಾಗಿ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು.

ಪರವಾನಗಿಯ ಎರಡು ಸಾಲಿನಲ್ಲಿ ಎಂಥ ಶಕ್ತಿ! ಇಟ್ಟುಕೊಳ್ಳುವ, ತಿದ್ದುವ, ನಮ್ಮ ಭಾಷೆಗೆ ತರುವ, ಇನ್ನೊಬ್ಬರಿಗೆ ದಾಟಿಸುವ ಹಕ್ಕು ಇದ್ದರೆ ಅದು ಮುಕ್ತ. ನೆಟ್‌ವರ್ಕ್ ದುರ್ಬಲವಾದ ಆಫ್ರಿಕದ ಕಾಲೇಜುಗಳಿಗೆ ಎಂಐಟಿ ತನ್ನ ಪಾಠಗಳನ್ನು ಹಾರ್ಡ್‌ಡಿಸ್ಕಿನಲ್ಲಿ ತುಂಬಿ ಕಳಿಸಿದ್ದೂ ಈ ಕಾರಣಕ್ಕೇ ಸಾಧ್ಯವಾಯಿತು. ಇನ್ನೊಂದು ಬದಿಯಲ್ಲಿ ಎಡ್‌ಎಕ್ಸ್ ಅನ್ನು 2021ರಲ್ಲಿ 80 ಕೋಟಿ ಡಾಲರಿಗೆ ಟೂಯು ಎಂಬ ಕಂಪನಿಗೆ ಮಾರಿದರು, 2024ರಲ್ಲಿ ಆ ಕಂಪನಿ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಆದರೆ ಎಡ್‌ಎಕ್ಸ್ ನಡೆಯುತ್ತಿದ್ದ ತಂತ್ರಾಂಶ ಮುಕ್ತವಾಗಿತ್ತು, ಅದು ಇಂದಿಗೂ ಜಗತ್ತಿನ ಎಷ್ಟೋ ಸಂಸ್ಥೆಗಳ ಪಾಠ ನಡೆಸುತ್ತಿದೆ.

ನಮ್ಮ ಮನೆಯ ಬೆರಗು

ಈಗ ಬನ್ನಿ ನಮ್ಮ ದೇಶಕ್ಕೆ. 2003ರಲ್ಲಿ ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟೆಲ್ ಎಂಬ ಜಾಲಪಾಠಗಳ ಯೋಜನೆ ಶುರುಮಾಡಿದವು. ಐಐಟಿ ಸೀಟು ಸಿಗದ ಲಕ್ಷಾಂತರ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಐಐಟಿಯ ಪಾಠವಾದರೂ ಸಿಗಲಿ ಎಂಬುದು ಆಸೆ. ಮೊದಮೊದಲು ನೆಟ್ಟಿನಲ್ಲಿ ವಿಡಿಯೊ ತೆರೆಯುವುದೇ ಕಷ್ಟ, ಕಾಲೇಜುಗಳು ಹಾರ್ಡ್‌ಡಿಸ್ಕಿನಲ್ಲಿ ತರಿಸಿಕೊಂಡು ಲೈಬ್ರರಿಯಲ್ಲಿ ಇಟ್ಟವು. 2014ರಲ್ಲಿ ಪರೀಕ್ಷೆ ಮತ್ತು ಪ್ರಮಾಣಪತ್ರ ಸೇರಿಕೊಂಡ ಮೇಲೆ ನೋಡಿ, ವೇಗ! ಬೆಳಗಾವಿಯಿರಲಿ ಕೋಲಾರವಿರಲಿ, ಇಂದು ಎಂಜಿನಿಯರಿಂಗ್ ಹುಡುಗರ ಬಾಯಲ್ಲಿ ‘ಈ ಸೆಮ್ಮಲ್ಲಿ ಎರಡು ಎನ್‌ಪಿಟೆಲ್ ಹಾಕಿದೀನಿ’ ಎಂಬ ಮಾತು ಸಾಮಾನ್ಯ.

ಇದರ ಗುಟ್ಟು ತಿಳಿದಾಗ ನನಗೆ ಕುರ್ಚಿಯಿಂದ ಎದ್ದು ಓಡಾಡುವಷ್ಟು ಸಂತೋಷವಾಯಿತು. ಪಾಠ ಪೂರ್ತಿ ಉಚಿತ. ಪರೀಕ್ಷೆಗೆ ಮಾತ್ರ ಫೀಸು. ಅದೂ ಮನೆಯಲ್ಲಿ ಕೂತು ಬರೆಯುವಂತಿಲ್ಲ, ಹಾಲ್ ಟಿಕೆಟ್ ಹಿಡಿದು ಕೇಂದ್ರಕ್ಕೆ ಹೋಗಬೇಕು. ವಾರವಾರದ ಅಸೈನ್‌ಮೆಂಟಿಗೆ ಶೇ 25, ಪರೀಕ್ಷೆಗೆ ಶೇ 75. ಕಾಲೇಜು ‘ಲೋಕಲ್ ಚಾಪ್ಟರ್’ ಆಗಿದ್ದರೆ ಅಲ್ಲೊಬ್ಬ ಅಧ್ಯಾಪಕರು ಇದನ್ನೇ ನೋಡಿಕೊಳ್ಳುತ್ತಾರೆ. ಹುಡುಗರನ್ನು ಹಿಡಿದು ಹೆಸರು ಬರೆಸುತ್ತಾರೆ, ಗಡುವು ನೆನಪಿಸುತ್ತಾರೆ, ‘ಮೂರನೇ ವಾರದ್ದು ಸಬ್ಮಿಟ್ ಮಾಡಿದ್ಯಾ’ ಎಂದು ಕಾರಿಡಾರಿನಲ್ಲಿ ಅಡ್ಡಗಟ್ಟುತ್ತಾರೆ. ಆ ಕಿರಿಕಿರಿಯೇ ಕಲಿಕೆಯ ಜೀವಾಳ! 2017ರಲ್ಲಿ ಬಂದ ಸ್ವಯಂ ಎಂಬ ಕೇಂದ್ರ ಸರ್ಕಾರದ ಜಾಲಪಾಠ ತಾಣದಲ್ಲಿ ಎನ್‌ಪಿಟೆಲ್ ಒಂದು ದೊಡ್ಡ ಅಂಗ. ಮ್ಯಾನೇಜ್‌ಮೆಂಟ್ ಕೋರ್ಸುಗಳ ಹೊಣೆ ಬೆಂಗಳೂರಿನ ಐಐಎಂನದು. ಯುಜಿಸಿಯ 2021ರ ನಿಯಮದಂತೆ ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕವೇ ಓದಿ ಕ್ರೆಡಿಟ್ ಪಡೆಯಬಹುದು. ಹೌದು, ಇದರಿಂದ ಕೇವಲ ಕ್ರೆಡಿಟ್ಟಿಗಾಗಿ ಕೋರ್ಸು ಹಾಕುವವರೂ ಅಸೈನ್‌ಮೆಂಟಿನ ಉತ್ತರವನ್ನು ವಾಟ್ಸ್ಆ್ಯಪ್‌ನಲ್ಲಿ ಸುತ್ತಿಸುವವರೂ ಹುಟ್ಟಿಕೊಂಡಿದ್ದಾರೆ. ಆದರೆ ಕೇಂದ್ರದಲ್ಲಿ ಬರೆಯುವ ಪರೀಕ್ಷೆ ವಾಟ್ಸ್ಆ್ಯಪ್‌ಗೆ ಬಗ್ಗುವುದಿಲ್ಲ.

ಇನ್ನು ಭಾಷೆ. ಪಿಯುಸಿವರೆಗೆ ಕನ್ನಡದಲ್ಲಿ ಓದಿದವರಿಗೆ ಐಐಟಿಯ ಇಂಗ್ಲಿಷ್ ಉಪನ್ಯಾಸ, ಎಷ್ಟೇ ಪುಕ್ಕಟೆಯಾದರೂ, ಎತ್ತರದ ಕಾಂಪೌಂಡೇ. ಇಲ್ಲಿ ಐಐಟಿ ಬಾಂಬೆಯ ಕಣ್ಣನ್ ಮೌದ್ಗಲ್ಯ ಅವರ ‘ಸ್ಪೋಕನ್ ಟ್ಯುಟೋರಿಯಲ್’ ಎಂಬ ಜಾಣತನವನ್ನು ನೋಡಬೇಕು. ಲಿನಕ್ಸ್, ಪೈಥಾನ್, ಲಿಬ್ರೆ ಆಫೀಸ್‌ನಂಥ ಮುಕ್ತ ತಂತ್ರಾಂಶಗಳನ್ನು ಹತ್ತೇ ನಿಮಿಷದ ತುಣುಕುಗಳಲ್ಲಿ ಕಲಿಸುವ ವಿಡಿಯೊಗಳಿವು. ತೆರೆಯ ಮೇಲೆ ಇರುವುದು ಇಂಗ್ಲಿಷಿನಲ್ಲೇ ಇರುತ್ತದೆ, ಏಕೆಂದರೆ ನಾಳೆ ಕೆಲಸದಲ್ಲಿ ಎದುರಾಗುವುದು ಅದೇ. ವಿವರಿಸುವ ದನಿ ಮಾತ್ರ ಕನ್ನಡದ್ದು! ತಮಿಳರಿಗೆ ತಮಿಳು, ಅಸ್ಸಾಮಿಗಳಿಗೆ ಅಸ್ಸಾಮಿ. ವಿಡಿಯೊ ತೆರೆಯ ಅರ್ಧದಲ್ಲಿ ಓಡುತ್ತಿರುತ್ತದೆ, ಇನ್ನರ್ಧದಲ್ಲಿ ನೀವು ಅದನ್ನೇ ಮಾಡುತ್ತ ಹೋಗುತ್ತೀರಿ. ಪ್ರತಿ ಪಾಠದ ಬರಹವನ್ನೂ ಬಿಡುಗಡೆಗೆ ಮುನ್ನ ಆ ವಿಷಯವೇ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ‘ಅರ್ಥವಾಯಿತಾ’ ಎಂದು ಪರೀಕ್ಷಿಸುತ್ತಾರೆ. ಅರ್ಥವಾಗದಿದ್ದರೆ ತಪ್ಪು ಬರೆದವರದ್ದು, ಓದಿದವರದ್ದಲ್ಲ! ಇದೇ ಮಾದರಿಯಲ್ಲಿ ಬಾಣಂತಿಯರಿಗೆ ಮಗುವನ್ನು ಎದೆಗೆ ಹಿಡಿಯುವ ಸರಿಯಾದ ರೀತಿ ತೋರಿಸುವ ಪಾಠಗಳೂ ಹಲವು ಭಾರತೀಯ ಭಾಷೆಗಳಲ್ಲಿ ಬಂದಿವೆ.

ಕರ್ನಾಟಕದ ಮೇಷ್ಟ್ರುಗಳೂ ಸುಮ್ಮನಿರಲಿಲ್ಲ. ರಾಜ್ಯದ ಶಿಕ್ಷಣ ಇಲಾಖೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆಗೂಡಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ವಿಕಿಯನ್ನು ಕಟ್ಟಿತು. ಪಾಠ ಬರೆದವರು ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರೇ. ಜಿಯೋಜೀಬ್ರ ಎಂಬ ಗಣಿತದ ತಂತ್ರಾಂಶದಲ್ಲಿ ತ್ರಿಕೋನ ಎಳೆದಾಡಿ ತೋರಿಸುವುದನ್ನೂ ವಿಜ್ಞಾನದ ಪ್ರಯೋಗವನ್ನೂ ಸಮಾಜದ ಪಾಠಕ್ಕೆ ಬೇಕಾದ ಚಿತ್ರವನ್ನೂ ತಾವೇ ಕನ್ನಡದಲ್ಲಿ ಸೇರಿಸಿದರು. ಇನ್ನೊಬ್ಬ ಶಿಕ್ಷಕ ಅದನ್ನು ಎತ್ತಿ ತಿದ್ದಿ ತನ್ನ ಕ್ಲಾಸಿಗೆ ಹೊಂದಿಸಿಕೊಳ್ಳಬಹುದು. ಖಾನ್ ಅಕಾಡೆಮಿ ಎಂಬ ಉಚಿತ ಪಾಠತಾಣದ ಗಣಿತವೂ ಈಗ ಕನ್ನಡದಲ್ಲಿದೆ. ಎನ್‌ಪಿಟೆಲ್ ಕೂಡ ತನ್ನ ಪಾಠಗಳ ಬರಹರೂಪವನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ತರುತ್ತಿದೆ. ಯಂತ್ರದ ನೆರವಿನ ಅನುವಾದ ಬಂದ ಮೇಲೆ ಈ ಕೆಲಸಕ್ಕೆ ವೇಗ ಸಿಕ್ಕಿದೆ. ಆದರೂ ಅರ್ಥ ಕೆಡದಂತೆ ಓದಿ ತಿದ್ದಲು ವಿಷಯವೂ ಕನ್ನಡವೂ ಬಲ್ಲವರು ಬೇಕೇ ಬೇಕು.

ಬೆಟ್ಟದ ಮೇಲೆ ಸಿಗ್ನಲ್, ಜಗಲಿಯ ಮೇಲೆ ಶಾಲೆ

2020ರಲ್ಲಿ ಈ ಎಲ್ಲ ಭರವಸೆಗೂ ಒಂದೇ ಸಲಕ್ಕೆ ಪರೀಕ್ಷೆ ಬಂತು. ಕೊರೊನಾದಿಂದ ಶಾಲೆಗಳು ಮುಚ್ಚಿದವು, ಪಾಠ ಮೊಬೈಲಿಗೆ ಬಂತು. ಮೊಬೈಲು? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಇಂಟರ್‌ನೆಟ್ ಇದ್ದ ಮನೆಗಳು ನೂರಕ್ಕೆ ಹದಿನೈದು, ಕಂಪ್ಯೂಟರ್ ಇದ್ದವು ನಾಲ್ಕೋ ಐದೋ. ಮಲೆನಾಡಿನ ಹುಡುಗರು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. 2021ರ ಮಳೆಗಾಲದಲ್ಲಿ ಸುಳ್ಯದ ಬಳಿ ರಸ್ತೆಬದಿಯಲ್ಲಿ ಮಗಳು ಕೂತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಗ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ನಾಡಿನ ಕಣ್ಣು ತೇವ ಮಾಡಿತ್ತು.

ಅದೇ ಹೊತ್ತಿನಲ್ಲಿ ಕರ್ನಾಟಕದಲ್ಲಿ ನಡೆದದ್ದು ಇಡೀ ಜಗತ್ತು ಗಮನಿಸಬೇಕಾದ ಸಂಗತಿ! 2020ರ ಆಗಸ್ಟ್‌ನಲ್ಲಿ ಸರ್ಕಾರದ ‘ವಿದ್ಯಾಗಮ’ ಯೋಜನೆ ಬಂತು. ಮಕ್ಕಳು ಶಾಲೆಗೆ ಬರುವಂತಿಲ್ಲ, ಸರಿ, ಮೇಷ್ಟ್ರೇ ಓಣಿಗೆ ಹೋಗಲಿ! ಗುಡಿಯ ಅಂಗಳ, ಅರಳಿಕಟ್ಟೆ, ಸಮುದಾಯ ಭವನ, ಯಾರದೋ ಮನೆಯ ಜಗಲಿ, ಎಲ್ಲವೂ ಕ್ಲಾಸುಗಳಾದವು. ಜನ ಅದನ್ನು ವಠಾರ ಶಾಲೆ ಎಂದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿ, ಹೊಸ ವರ್ಷಕ್ಕೆ ಮತ್ತೆ ಶುರುಮಾಡಬೇಕಾಯಿತು. ಆದರೆ ಅಷ್ಟರಲ್ಲಿ ಒಂದು ಮಾತು ಸ್ಪಷ್ಟವಾಗಿತ್ತು: ನೆಟ್‌ವರ್ಕ್ ಇಲ್ಲದ ಕಡೆಗೂ ಮೇಷ್ಟ್ರು ತಲುಪಬಲ್ಲರು. ಮೇಷ್ಟ್ರಿಲ್ಲದ ಕಡೆ ನೆಟ್‌ವರ್ಕ್ ಒಂದೇ ಏನನ್ನೂ ಕಲಿಸದು.

ಹಾಗಾದರೆ ಎರಡೂ ಒಟ್ಟಿಗೆ ಸಿಕ್ಕರೆ? ಅದಕ್ಕೆ ಬೇಕಾದ್ದೆಲ್ಲ ನಮ್ಮಲ್ಲೇ ಬಿದ್ದಿದೆ! ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಎಷ್ಟೋ ಕಡೆ ಕಂಪ್ಯೂಟರ್ ಇದೆ, ಮಕ್ಕಳಿಗೆ ಸದಸ್ಯತ್ವ ಉಚಿತ. ಊರಿನಲ್ಲಿ ನಿವೃತ್ತ ಗಣಿತದ ಮೇಷ್ಟ್ರಿದ್ದಾರೆ, ಬೆಂಗಳೂರಿನಿಂದ ಮನೆಯಲ್ಲೇ ಕೆಲಸ ಮಾಡಲು ಬಂದ ಸಾಫ್ಟ್‌ವೇರ್ ಅಕ್ಕ ಇದ್ದಾರೆ. ಪಾಠ ಎಂಐಟಿಯದೋ ಐಐಟಿಯದೋ ಇರಲಿ, ಶನಿವಾರ ಸಂಜೆ ಆರು ಮಂದಿ ಒಂದು ತೆರೆಯ ಮುಂದೆ ಕೂತು, ಅರ್ಥವಾಗದ ಕಡೆ ನಿಲ್ಲಿಸಿ, ಆ ಅಕ್ಕನನ್ನೋ ಮೇಷ್ಟ್ರನ್ನೋ ಕೇಳಿದರೆ ಸಾಕು, ಉಲಾನ್‌ಬಾಟರ್‌ನಲ್ಲಿ ನಡೆದದ್ದು ಉಪ್ಪಿನಂಗಡಿಯಲ್ಲೂ ನಡೆದೀತು, ಉಜ್ಜಿನಿಯಲ್ಲೂ ನಡೆದೀತು.

ಎನ್‌ಪಿಟೆಲ್‌ನ ಹೊಸ ಕೋರ್ಸುಗಳು ವರ್ಷಕ್ಕೆರಡು ಸಲ, ಜನವರಿ ಮತ್ತು ಜುಲೈನಲ್ಲಿ ಶುರುವಾಗುತ್ತವೆ. ಸ್ಪೋಕನ್ ಟ್ಯುಟೋರಿಯಲ್‌ಗೆ ಅದೂ ಇಲ್ಲ, ಈಗಲೇ ತೆರೆಯಬಹುದು. ಒಂದು ವಿಷಯ ಆರಿಸಿ. ನಾಲ್ಕು ವಾರದ್ದೇ ಆಗಲಿ, ಹನ್ನೆರಡು ವಾರದ್ದು ಆಮೇಲೆ ನೋಡೋಣ. ಪಕ್ಕದ ಮನೆಯವರನ್ನು ಕೇಳಿ, ತಂಗಿಯನ್ನು ಕೇಳಿ, ಆಫೀಸಿನ ಗೆಳೆಯನನ್ನು ಕೇಳಿ. ಹೆಸರು ಬರೆಸಲು ದುಡ್ಡಿಲ್ಲ, ಇವತ್ತೇ ಬರೆಸಿ. ಆದರೆ ಒಬ್ಬರೇ ಬರೆಸಬೇಡಿ!